ಕಣ್ಣು ಕಾಣದವರು ವರದಿಗಾರರಾಗಬಹುದಾ?

ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿರುವ, ಕಣ್ಣು ಕಾಣದ ನಿಮ್ಮ ತಮ್ಮನಿಗೆ ಈ ಕೆಲಸ ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ.

ಬಿಬಿಸಿಯ ಗ್ಯಾರಿ ಓಡೊನಹ್ಯೂ ಅವರನ್ನೇ ನೋಡಿ. ಎಂಟನೇ ವಯಸ್ಸಿಗೆಲ್ಲ ದೃಷ್ಟಿ ಪೂರ್ತಿ ಹೋಗಿತ್ತು. ಆಕ್ಸ್‌ಫರ್ಡ್‌ನಲ್ಲಿ ಓದಿ ಬಿಬಿಸಿ ಸೇರಿದರು, ರಾಜಕೀಯ ವರದಿ ಮಾಡಿದರು, ಆಮೇಲೆ ಅಮೆರಿಕಕ್ಕೆ ಹೋದರು. 2024ರ ಜುಲೈ 13ರಂದು ಪೆನ್ಸಿಲ್ವೇನಿಯಾ ರಾಜ್ಯದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿದಾಗ ಸ್ಥಳದಲ್ಲೇ ಇದ್ದರು. ಚಾವಣಿ ಮೇಲೆ ಬಂದೂಕು ಹಿಡಿದವನನ್ನು ಕಂಡ ಪ್ರತ್ಯಕ್ಷದರ್ಶಿಯನ್ನು ಮಾತಾಡಿಸಿದ್ದು ಇವರೇ. ಆ ಸಂದರ್ಶನ ಜಗತ್ತೆಲ್ಲ ಓಡಾಡಿತು.

ನಮ್ಮಲ್ಲಿ ತೊಡಕು ಬೇರೆ ಥರದ್ದು. ಪರದೆ ಮೇಲಿನ ಬರಹವನ್ನು ಜೋರಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನ ಫೈಲ್ ಕೊಟ್ಟರೆ ಸುಮ್ನೆ ಇಂಗ್ಲಿಷ್ ಅಕ್ಷರ, ಚಿಹ್ನೆ ಬಡಬಡಿಸುತ್ತದೆ. ಮೊದಲು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಪತ್ರಿಕಾ ಪ್ರಕಟಣೆಯನ್ನು ಫೋಟೋ ಹೊಡೆದು ವಾಟ್ಸಾಪ್‌ಗೆ ಹಾಕುವ ಚಾಳಿ ಇದೆ ಅಲ್ವಾ, ಅದು ಇನ್ನೂ ಜಾಸ್ತಿ ಕಿರಿಕಿರಿ. ಗೂಗಲ್ ಲೆನ್ಸ್ ಆ್ಯಪ್ ಫೋಟೋದಿಂದ ಅಕ್ಷರ ಎತ್ತಿ ಕೊಡುತ್ತದೆ, ಆದರೆ ಹೆಸರು, ಇನಿಷಿಯಲ್ ತಪ್ಪಬಹುದು. ಫೋನ್ ಮಾಡಿ ಕೇಳಿಕೊಳ್ಳುವುದೇ ಒಳ್ಳೆಯದು.

ಜೊತೆಗೆ ತುಳು, ಬ್ಯಾರಿ, ಕೊಂಕಣಿ ಕಿವಿಗೆ ಹತ್ತಿರಲಿ. ಬಂದರಿನ ದಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆಯಲ್ಲಿ) ಸುದ್ದಿ ಹುಟ್ಟುವುದು ಆ ಮಾತುಗಳಲ್ಲೇ.