ಎರಡು ವರ್ಷ ದಾಟಿದ ಮಗ ಒಂದು ನಿಮಿಷ ಕೂರುವುದಿಲ್ಲ, ಮಾತೂ ಬಂದಿಲ್ಲ. ಮೊದಲು ಯಾವುದನ್ನು ಕಲಿಸಲಿ?

ನಿಮ್ಮ ಮಗನಿಗೆ 2 ವರ್ಷ 3 ತಿಂಗಳು. ಅಮ್ಮ, ಅಪ್ಪ, ಅಂಬಾ, ಟಾಟಾ ಬಿಟ್ಟರೆ ಬೇರೆ ಮಾತಿಲ್ಲ. ಇಡೀ ದಿನ ಓಡುತ್ತಾನೆ, ಹತ್ತುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಪುಸ್ತಕ ಹಿಡಿದು ಕೂರಿಸಿಕೊಂಡರೆ ಕ್ಷಣದಲ್ಲಿ ಪರಾರಿ. ನಿಮ್ಮ ಅತ್ತೆ "ಗಂಡು ಮಕ್ಕಳು ಲೇಟಾಗೇ ಮಾತಾಡೋದು, ಅವರಪ್ಪನೂ ಹಾಗೇ ಇದ್ದ" ಅನ್ನುತ್ತಾರೆ. ಮೊದಲು ಕೂರುವುದನ್ನು ಕಲಿಸಲಾ, ಮಾತು ಕಲಿಸಲಾ ಅಂತ ಕೇಳಿದ್ದೀರಿ.

ಕೂರಿಸುವ ಯೋಚನೆ ಬಿಟ್ಟುಬಿಡಿ. ಅವನು ಓಡುತ್ತಿರುವಾಗಲೇ ಮಾತು ಕೊಡಿ. ಆದರೆ ಅದಕ್ಕೂ ಮೊದಲು, ಆದಷ್ಟು ಬೇಗ, ಕಿವಿ ಪರೀಕ್ಷೆ ಮಾಡಿಸಿ.

ನನ್ನ ಮಗಳೂ ಹೀಗೇ ಇದ್ದಳು. ಈಗ ಎರಡನೇ ಕ್ಲಾಸು, ಮಾತಿಗೇನೂ ಕೊರತೆ ಇಲ್ಲ. ಆಗ ನಮಗೆ "ಹೆಣ್ಣು ಮಗು ಆಗಿ ಇನ್ನೂ ಮಾತಾಡಲ್ವಾ?" ಅನ್ನುತ್ತಿದ್ದರು. ಗಂಡಾದರೆ ಕಾಯಿರಿ ಅನ್ನುತ್ತಾರೆ, ಹೆಣ್ಣಾದರೆ ಗಾಬರಿ ಮಾಡುತ್ತಾರೆ. ಗಂಡು ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ತಡ ಅನ್ನುವುದು ನಿಜವೇ. ಆದರೆ ಆ ವ್ಯತ್ಯಾಸ ಚಿಕ್ಕದು. 2 ವರ್ಷಕ್ಕೆ ಸುಮಾರು 50 ಪದ, ಜೊತೆಗೆ "ಅಪ್ಪ ಬಾ", "ಹಾಲು ಬೇಕು" ಅಂತ ಎರಡು ಪದ ಜೋಡಿಸುವುದು ಬರಬೇಕು. ಇದು ಹುಡುಗ ಹುಡುಗಿ ಇಬ್ಬರಿಗೂ ಒಂದೇ ಲೆಕ್ಕ. ಅವರಪ್ಪನೂ ತಡವಾಗಿ ಮಾತಾಡಿದ್ದು ಅನ್ನುವುದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಇದು ಮನೆತನದಲ್ಲಿ ಬರುತ್ತದೆ, ಹಾಗಾಗಿ ಬೇಗ ತೋರಿಸಲು ಅದೂ ಒಂದು ಕಾರಣವೇ. ತಡವಾಗಿ ಮಾತಾಡುವ ಎಷ್ಟೋ ಮಕ್ಕಳು ತಾವಾಗೇ ಸರಿಹೋಗುತ್ತಾರೆ. ನಮ್ಮ ಮಗು ಆ ಗುಂಪಿನದೋ ಅಲ್ಲವೋ ಅಂತ ಮುಂಚೆಯೇ ಯಾರೂ ಹೇಳಲಾರರು, ಅಲ್ವಾ?

ಕಿವಿಯ ವಿಷಯಕ್ಕೆ ಬರುತ್ತೇನೆ. "ಕುಕ್ಕರ್ ಸೀಟಿ ಹೊಡೆದರೆ ತಿರುಗಿ ನೋಡ್ತಾನೆ, ಕಿವಿ ಚೆನ್ನಾಗಿದೆ" ಅಂತ ಎಲ್ಲರೂ ಹೇಳುತ್ತಾರೆ. ಕುಕ್ಕರ್, ಮಿಕ್ಸಿ, ಬಸ್ಸಿನ ಹಾರನ್ ದೊಡ್ಡ ಸದ್ದು. "ಸ", "ಫ", "ತ" ಇವೆಲ್ಲ ಸಣ್ಣ ಸದ್ದು. ಕಿವಿಯಲ್ಲಿ ಸ್ವಲ್ಪವೇ ದೋಷ ಇದ್ದರೂ ದೊಡ್ಡ ಸದ್ದು ಕೇಳುತ್ತದೆ, ಮಾತು ಅರ್ಧಂಬರ್ಧ ಕೇಳುತ್ತದೆ. ಪದೇ ಪದೇ ನೆಗಡಿ ಆಗುವ ಮಕ್ಕಳಲ್ಲಿ ಕಿವಿಪರದೆಯ ಹಿಂದೆ ನೀರು ತುಂಬಿಯೂ ಹೀಗಾಗಬಹುದು. ಒಎಇ (ಒಳಕಿವಿ ಸದ್ದಿಗೆ ಸ್ಪಂದಿಸುತ್ತದಾ ಅಂತ ನೋಡುವುದು), ಬೆರಾ (ಸದ್ದು ಕಿವಿಯಿಂದ ಮೆದುಳಿಗೆ ಮುಟ್ಟುತ್ತದಾ ಅಂತ ನೋಡುವುದು) ಅಂತ ಪರೀಕ್ಷೆಗಳಿವೆ. ಎರಡರಲ್ಲೂ ನೋವಿಲ್ಲ, ಮಗು ಉತ್ತರ ಹೇಳಬೇಕಾಗಿಯೂ ಇಲ್ಲ. ಬೆರಾ ಮಾಡುವಾಗ ಮಗು ನಿದ್ದೆಯಲ್ಲಿರಬೇಕು. ಹಾಗಾಗಿ ಓಡಾಡುವ ಮಗುವಿಗೆ ಮಧ್ಯಾಹ್ನದ ನಿದ್ದೆಯ ಹೊತ್ತು ಕೊಡಿ ಅಂತ ಮೊದಲೇ ಕೇಳಿ.

ಬೆಂಗಳೂರಿನಲ್ಲಿ ಇದಕ್ಕೆ ಜಾಗಗಳಿವೆ. ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೂ ಮಾತು ಮತ್ತು ಕಿವಿಗೆ ಬೇರೆಯೇ ವಿಭಾಗ ಇದೆ. ಆ ಹೆಸರು ಕೇಳಿ ಮನೆಯವರು ಹೆದರಿದರೆ ಹೆದರಬೇಡಿ ಅಂತ ಹೇಳಿ. ಮೈಸೂರಿನಲ್ಲಿ ನಿಮ್ಮ ನೆಂಟರಿದ್ದರೆ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲೇ ಇದೆ. ಖಾಸಗಿ ಥೆರಪಿಸ್ಟ್ ಹತ್ತಿರ ಹೋದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ. "ಇಷ್ಟು ತಿಂಗಳಲ್ಲಿ ಮಾತು ಗ್ಯಾರಂಟಿ" ಅನ್ನುವವರ ಕಡೆ ಹೋಗಬೇಡಿ.

ಇನ್ನು ಓಟದ ವಿಷಯ. ನನಗೆ ಇದೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಸಲಹೆಗಳನ್ನು ಕೊಟ್ಟಿತು. ಈ ವಯಸ್ಸಿನ ಮಗು ದಿನಕ್ಕೆ ಕಡಿಮೆ ಅಂದರೂ 180 ನಿಮಿಷ ಮೈ ಆಡಿಸಬೇಕು ಅಂತ ಅದರಲ್ಲಿದೆ. ಮೂರು ಗಂಟೆ! ಬಾಡಿಗೆ ಮನೆಯ ಎರಡು ಕೋಣೆಯಲ್ಲಿ, ಕೆಳಗಿನ ಮನೆಯವರು ಬೇಜಾರು ಮಾಡಿಕೊಳ್ಳದ ಹಾಗೆ ಮೂರು ಗಂಟೆ ಓಡಿಸುವುದು ಆಗದ ಮಾತು. ನಾವು ಸಂಜೆ ಬಸವನಗುಡಿಯ ಬ್ಯೂಗಲ್ ರಾಕ್ ಪಾರ್ಕಿಗೆ ಹೋಗುತ್ತಿದ್ದೆವು. ಅವಳು ಬಂಡೆ ಹತ್ತುವಾಗ "ಹತ್ತು, ಹತ್ತು", ಇಳಿಯುವಾಗ "ಇಳಿ". ಮರದಲ್ಲಿ ಬಾವಲಿ ಕಿಚಗುಟ್ಟಿದರೆ "ಬಾವಲಿ! ಮೇಲೆ!" ಅಷ್ಟೇ. ಒಂದು ಅಥವಾ ಎರಡು ಪದ, ಅದು ನಡೆಯುತ್ತಿರುವ ಹೊತ್ತಿಗೇ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಉಯ್ಯಾಲೆ. ಎರಡು ಸಲ ತೂಗಿ ಹಿಡಿದು ನಿಲ್ಲಿಸುವುದು. "ಒಂದು... ಎರಡು..." ಅಂದು ಸುಮ್ನೆ ಅವಳ ಮುಖ ನೋಡುವುದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವುದು. ಅವಳು ಕಾಲು ಒದ್ದರೂ ಸರಿ, "ಊಂ" ಅಂದರೂ ಸರಿ, ಅದನ್ನೇ ಮಾತು ಅಂದುಕೊಂಡು "ಮೂರು!" ಅಂತ ತೂಗುವುದು. ಈ ಕಾಯುವುದು ತುಂಬ ಕಷ್ಟ. ನಮ್ಮ ಜನಕ್ಕೆ ಮೌನ ಸಹಿಸಲು ಆಗುವುದಿಲ್ಲ, ಪಕ್ಕದಲ್ಲಿದ್ದವರು "ಹೇಳು ಪುಟ್ಟಿ, ಮೂರು ಹೇಳು" ಅಂತ ಶುರು ಮಾಡುತ್ತಾರೆ. ಹಾಗೆ ಒತ್ತಾಯ ಮಾಡಿದರೆ ಮಗು ಬಾಯಿ ಮುಚ್ಚಿಬಿಡುತ್ತದೆ. "ಇದೇನು? ಅದೇನು?" ಅಂತ ಪರೀಕ್ಷೆ ಮಾಡುವುದೂ ಬೇಡ. ನೀವೇ ಹೇಳಿ, ಕಾಯಿರಿ. ಅವನು "ಕಾರು" ಅಂದರೆ ನೀವು "ಕೆಂಪು ಕಾರು" ಅನ್ನಿ. ಒಂದೇ ಒಂದು ಪದ ಮುಂದೆ, ಅಷ್ಟು ಸಾಕು. ನನ್ನ ಮಗಳು ತಾನಾಗಿ ಕೇಳಿದ ಮೊದಲ ಮಾತು "ಇಳ್ಸು". ಕಬ್ಬಿಣದ ಏಣಿಯ ಮೇಲಿಂದ. ನಾನು ಅವತ್ತು ಅಳುತ್ತಲೇ ಇಳಿಸಿದೆ.

ಎಸೆಯುವುದು, ಕಚ್ಚುವುದು ಜಾಸ್ತಿ ಇದ್ದರೆ ಹಟ ಅಂತ ಹೊಡೆಯಬೇಡಿ. ಬೇಕು, ಬೇಡ, ಸಾಕು ಅಂತ ಹೇಳಲು ಅವನಿಗೆ ದಾರಿ ಇಲ್ಲ. ಮೂರಕ್ಕೂ ಒಂದೊಂದು ಕೈಸನ್ನೆ ಕಲಿಸಿ. ಸನ್ನೆ ಕಲಿತರೆ ಮಾತು ಬರಲ್ಲ ಅನ್ನುವುದು ಸುಳ್ಳು. ಸನ್ನೆ ಮಾತಿಗೆ ದಾರಿ ಮಾಡಿಕೊಡುತ್ತದೆ.

ಸುರಕ್ಷತೆಯ ಬಗ್ಗೆ ಒಂದು ಮಾತು. ಓಡುವ ಮಗುವಿಗೆ ಮಾತಿಲ್ಲದಿದ್ದರೆ ಕರೆದಾಗ "ಇಲ್ಲಿದ್ದೀನಿ" ಅನ್ನಲಾರದು, ಕಳೆದುಹೋದರೆ ಹೆಸರು ಹೇಳಲಾರದು. ಸಂಪಿನ ಮುಚ್ಚಳಕ್ಕೆ, ತಾರಸಿ ಬಾಗಿಲಿಗೆ ಬೀಗ ಹಾಕಿ. ಕಡಲೆಕಾಯಿ ಪರಿಷೆಯಂಥ ಜನಜಂಗುಳಿಗೆ ಕರೆದುಕೊಂಡು ಹೋದಾಗ ನಿಮ್ಮ ಫೋನ್ ನಂಬರನ್ನು ಅವನ ಅಂಗಿಯ ಒಳಗೆ ಬರೆಯಿರಿ. 1098 ಮಕ್ಕಳ ಸಹಾಯವಾಣಿ, ಮನೆಯವರೆಲ್ಲರಿಗೂ ಗೊತ್ತಿರಲಿ.

ನಿಮಗೂ ಸಲಹೆಗಳ ಸುರಿಮಳೆ ಆಗುತ್ತಿರಬೇಕು. ಬಜೆ ತೇಯ್ದು ನಾಲಿಗೆಗೆ ಸವರಿ ಅನ್ನುತ್ತಾರೆ. ಮಾತು ಬರಬೇಕಾದ್ದು ಕೇಳಿಸಿಕೊಂಡು, ಅರ್ಥ ಮಾಡಿಕೊಂಡು. ಬಜೆಗಾಗಿ ಕಾಯುತ್ತಾ ತಿಂಗಳು ಕಳೆಯಬೇಡಿ. ನಾಲಿಗೆ ಕೆಳಗಿನ ಪೊರೆ ಕತ್ತರಿಸಿ ಅನ್ನುವವರಿಗೂ ಕಿವಿಗೊಡಬೇಡಿ. ಆ ಪೊರೆ ಬಿಗಿಯಾಗಿದ್ದರೆ ಕೆಲವು ಅಕ್ಷರ ತೊದಲಬಹುದೇ ಹೊರತು ಮಾತೇ ಬರದೆ ಇರುವುದಿಲ್ಲ. ಮನೆಯಲ್ಲಿ ಕನ್ನಡ, ಅಜ್ಜಿ ತೆಲುಗು, ಪಕ್ಕದ ಮನೆ ಹಿಂದಿ, ಇದರಿಂದ ಗೊಂದಲ ಅನ್ನುತ್ತಾರೆ. ಈ ಊರಿನ ಮಕ್ಕಳು ಬೆಳೆಯುವುದೇ ಹಾಗೆ. ಹೆಚ್ಚು ಭಾಷೆ ಕೇಳಿದ್ದಕ್ಕೆ ಮಾತು ತಡ ಆಗುವುದಿಲ್ಲ. ನಿಮ್ಮ ಮನೆ ಭಾಷೆ ಬಿಟ್ಟು ಬರೀ ಇಂಗ್ಲಿಷ್ ಮಾತಾಡಿ ಅಂತ ಯಾರೇ ಹೇಳಿದರೂ ಒಪ್ಪಬೇಡಿ. ನಿಮ್ಮ ಬಾಯಿಂದ ಸಲೀಸಾಗಿ, ಪ್ರೀತಿಯಿಂದ ಬರುವ ಭಾಷೆಯೇ ಅವನಿಗೆ ಬೇಕು. ಊಟಕ್ಕೆ ಮೊಬೈಲ್ ಕೊಡುತ್ತಿದ್ದರೆ ಅದೊಂದನ್ನು ನಿಲ್ಲಿಸಿ.

"ಇಷ್ಟು ಓಡಾಡ್ತಾನೆ, ಎಡಿಎಚ್‌ಡಿ ಇರಬೇಕು" (ಗಮನದ ಕೊರತೆ, ಅತಿ ಚಟುವಟಿಕೆಯ ಸಮಸ್ಯೆ) ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಸಾಮಾನ್ಯವಾಗಿ 4 ವರ್ಷಕ್ಕೆ ಮೊದಲು ಆ ಹೆಸರು ಕೊಡುವುದಿಲ್ಲ. ಆದರೆ ಹೆಸರು ಕರೆದರೆ ತಿರುಗುವುದಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಆಟದ ಸಾಮಾನು ತಂದು ನಿಮಗೆ ತೋರಿಸುವುದಿಲ್ಲ ಅಂತಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಬಂದ ಮಾತು ಹೋಗಿದ್ದರಂತೂ ನಾಳೆಯೇ ಹೋಗಿ.

ಅಪಾಯಿಂಟ್‌ಮೆಂಟ್ ಸಿಗುವವರೆಗೆ ಅವನಾಡುವ ಮಾತುಗಳನ್ನು ಬರೆದಿಡಿ, ಯಾವ ಭಾಷೆಯದಾದರೂ ಸರಿ. "ಅಂಬಾ", "ಬೌ ಬೌ" ಕೂಡ ಲೆಕ್ಕಕ್ಕೆ ಬರುತ್ತವೆ. ಮನೆಯಲ್ಲಿ ಆಡುವಾಗ ಎರಡು ಮೂರು ನಿಮಿಷದ ವಿಡಿಯೋ ಮಾಡಿಕೊಳ್ಳಿ, ಯಾಕೆಂದರೆ ಆಸ್ಪತ್ರೆಯಲ್ಲಿ ಮಕ್ಕಳು ಮನೆಯಲ್ಲಿದ್ದ ಹಾಗೆ ಇರುವುದಿಲ್ಲ. ಕಿವಿ ಪರೀಕ್ಷೆಯಲ್ಲಿ ಏನು ಬಂತು ಅಂತ ಇಲ್ಲೇ ಬರೆಯಿರಿ, ಮುಂದಿನದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ.