ಪಕ್ಕದ ಹೊಲದಲ್ಲಿ 180 ಅಡಿಗೆ ನೀರು, ನಮ್ಮಲ್ಲಿ 450 ಅಡಿಗೂ ಬರೀ ಪುಡಿ. ಏಕೆ?

ಕುಷ್ಟಗಿ ತಾಲ್ಲೂಕಿನ ನಿಮ್ಮ ಹೊಲದಲ್ಲಿ 450 ಅಡಿ ಕೊರೆಸಿದರೂ ಪುಡಿಯೇ ಹಾರಿತು, ಪಕ್ಕದವರಿಗೆ 180 ಅಡಿಗೇ ಎರಡು ಇಂಚು ನೀರು ಬಿತ್ತು ಎಂದು ಬರೆದಿದ್ದೀರಿ. ಇನ್ನೂ ಆಳಕ್ಕೆ ಹೋಗಬೇಕೇ, ಸಿಕ್ಕ ನೀರನ್ನು ಕುಡಿಯಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಭೂವಿಜ್ಞಾನ ಓದಿ, ಕೊಪ್ಪಳ ಮತ್ತು ರಾಯಚೂರು ಕಡೆ ಬಾವಿಗಳ ಮಟ್ಟ ಅಳೆಯುತ್ತ ಬಂದವನು. ಮೊದಲನೆಯದಕ್ಕೆ ಉತ್ತರ: ಬೇಡ.

ಮತ್ತೆ ಬೋರ್ ಗಾಡಿ ಕರೆಸುವ ಮುಂಚೆ ಹತ್ತಿರದ ಗ್ರಾನೈಟ್ ಕ್ವಾರಿಗೆ ಹೋಗಿ, ಕಡಿದ ಗೋಡೆಯ ಎದುರು ನಿಂತು ನೋಡಿ. ಮೇಲೆ ಮೊಳದಷ್ಟು ಮಸಾರಿ, ಅಂದರೆ ಕೆಂಪು ಮಣ್ಣು. ಅದರಡಿ, ಮುಷ್ಟಿಯಲ್ಲಿ ಹಿಸುಕಿದರೆ ಉದುರುವ ಗರಸು, ಕೊಳೆತ ಕಲ್ಲು. ಅದಕ್ಕೂ ಕೆಳಗೆ ಗಟ್ಟಿ ಕೆಂಪು ಕಲ್ಲು. ಈ ಕಲ್ಲಿನ ಮೈಯಲ್ಲಿ ನೀರು ಕೂರಲು ಜಾಗವೇ ಇಲ್ಲ. ಅಲ್ಲಲ್ಲಿ ದಾರದಷ್ಟು ಸಣ್ಣ ಬಿರುಕುಗಳು, ಅವುಗಳ ಅಂಚಿಗೆ ತುಕ್ಕಿನ ಬಣ್ಣ. ಕೆಲವು ಬೇಸಿಗೆಯಲ್ಲೂ ಒದ್ದೆ. ನೀರು ಓಡಾಡಿದ ದಾರಿ ಅದು. ಗರಸು ನೀರಿನ ಕಣಜವಾದರೆ ಬಿರುಕು ಅದರ ಕಾಲುವೆ. ಪಕ್ಕದವರ ಬೋರ್ ಆ ಕಾಲುವೆಗೆ ಸಿಕ್ಕಿತು, ನಿಮ್ಮದು ತಪ್ಪಿಸಿಕೊಂಡಿತು. ಕೆಳಕ್ಕೆ ಹೋದಂತೆ ಮೇಲಿನ ಕಲ್ಲಿನ ಭಾರಕ್ಕೆ ಬಿರುಕುಗಳು ಬಿಗಿಯುತ್ತವೆ, ವಿರಳವೂ ಆಗುತ್ತವೆ.

ಯಲಬುರ್ಗಾ ಕಡೆ ಒಮ್ಮೆ ಒಂದು ಬೋರ್ ಅನ್ನು ರಾತ್ರಿಯಿಡೀ ಓಡಿಸಿ, ಸುತ್ತಲಿನ ಬಾವಿಗಳಿಗೆ ಟೇಪು ಇಳಿಬಿಟ್ಟು ಕೂತಿದ್ದೆವು. ಅರವತ್ತು ಅಡಿ ದೂರದ ಬೋರ್‌ನಲ್ಲಿ ಮಟ್ಟ ಬೆರಳಿನಷ್ಟೂ ಕದಲಲಿಲ್ಲ. ಹಳ್ಳದಾಚೆ, ಮುನ್ನೂರು ಅಡಿ ದೂರದಲ್ಲಿದ್ದ ಬೋರ್‌ನಲ್ಲಿ ಮಾತ್ರ ಅರ್ಧ ಗಂಟೆಯೊಳಗೆ ಎರಡು ಅಡಿ ಇಳಿಯಿತು. ಅದರ ಯಜಮಾನರು ಬ್ಯಾಟರಿ ಹಿಡಿದು ಬಂದು, "ಅಳೆಯುವುದಕ್ಕೆ ಬಂದಿರೋ, ನನ್ನ ನೀರು ಕದಿಯುವುದಕ್ಕೆ ಬಂದಿರೋ ಸಾಹೇಬರೇ?" ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ.

ಪಾಯಿಂಟ್ ತೋರಿಸುವವರ ತೆಂಗಿನಕಾಯಿಯನ್ನು ನಾನು ನಂಬುವುದಿಲ್ಲ. ನೆಲಕ್ಕೆ ವಿದ್ಯುತ್ ಹಾಯಿಸಿ ನೋಡುವ ನಮ್ಮ ಯಂತ್ರ ಗರಸಿನ ದಪ್ಪವನ್ನು ಚೆನ್ನಾಗಿ ಹೇಳುತ್ತದೆ, ಆಳದ ಸಣ್ಣ ಬಿರುಕಿನ ವಿಷಯದಲ್ಲಿ ತಡವರಿಸುತ್ತದೆ. ನಾನೇ ತೋರಿಸಿದ ಜಾಗದಲ್ಲಿ ಪುಡಿ ಹಾರಿದ್ದೂ ಉಂಟು.

ಇನ್ನು "ಎರಡು ಇಂಚು" ಎಂದರೇನು ನೋಡಿ. ಬೋರ್ ನೀರು ಅಳೆಯಲು ತಗಡಿನಲ್ಲಿ ಕತ್ತರಿಸಿದ ವಿ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ ಅದು: ಸೆಕೆಂಡಿಗೆ ಸುಮಾರು 0.8 ಲೀಟರ್. ನಾಲ್ಕು ಇಂಚು ಬಿದ್ದರೆ ಅದರ ಎರಡು ಪಟ್ಟು ಎಂದುಕೊಳ್ಳಬೇಡಿ, ಐದೂವರೆ ಪಟ್ಟಿಗಿಂತ ಹೆಚ್ಚು. ಎರಡು ಇಂಚನ್ನು ದಿನಕ್ಕೆ ಎಂಟು ಗಂಟೆ ಎತ್ತಿದರೆ 23,000 ಲೀಟರ್. ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ಗರಸಿನ ನೆಲದಲ್ಲಿ ಅದರ ಹತ್ತರಲ್ಲೊಂದು ಪಾಲು ಒಳಗಿಳಿಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಒಂದು ಎಕರೆಗೆ 2.4 ಲಕ್ಷ ಲೀಟರ್ ಆಯಿತು, ಅಂದರೆ ಹತ್ತು ದಿನದ ಪಂಪು! ಉಳಿದ ದಿನಗಳಿಗೆಲ್ಲ ಸುತ್ತಲಿನವರ ಹೊಲದಡಿಯ ನೀರೇ ಹರಿದು ಬರಬೇಕು. ಆಳ ಹೆಚ್ಚಿಸಿದರೆ ಈ ಲೆಕ್ಕ ಬದಲಾಗುವುದಿಲ್ಲ. ದುಡ್ಡಿದ್ದರೆ ಮಸಾರಿಯಲ್ಲಿ, ಗರಸಿನವರೆಗೆ ಇಳಿಯುವಂತೆ, ಪ್ಲಾಸ್ಟಿಕ್ ಹಾಸದೆ ಹೊಂಡ ತೋಡಿಸಿ, ಮಳೆನೀರು ಇಂಗಲಿ. ಎರೆಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ತೋಡಿದರೆ ಪ್ರಯೋಜನ ಕಡಿಮೆ. ಅದರ ಬೇಸಿಗೆಯ ಬಿರುಕು ಮೊದಲ ಮಳೆಯನ್ನು ನುಂಗುತ್ತದೆ, ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ.

ಕುಡಿಯುವ ವಿಷಯ. ಬಿರುಕಿನೊಳಗೆ ಬಹುಕಾಲ ನಿಂತ ನೀರು ಕಲ್ಲಿನ ಫ್ಲೋರೈಡ್ ಅನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ಸೋಡಿಯಂ ಹೆಚ್ಚಾದರೆ ಅದು ಇನ್ನೂ ಏರುತ್ತದೆ. ಹಾಗಾಗಿ ಬಾಯಿಗೆ ಮೆದುವೆನಿಸುವ ನೀರೆಂದು ಹಿಗ್ಗಬೇಡಿ. ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಇದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಊರಿನ ಮಕ್ಕಳ ಹಲ್ಲಿನ ಮೇಲೆ, ಫ್ಲೋರೈಡ್ ಹೆಚ್ಚಾದರೆ ಮೂಡುವ ಕಂದು ಗೆರೆಗಳಿವೆಯೇ ಎಂದು ಗಮನಿಸಿ. ಹಟ್ಟಿ ಚಿನ್ನದ ಗಣಿಯ ಸುತ್ತಲಿನವರಾಗಿದ್ದರೆ ಆರ್ಸೆನಿಕ್ ಪರೀಕ್ಷೆಯನ್ನೂ ಮಾಡಿಸಿ ಎನ್ನುತ್ತಿದ್ದೆ.

ಮೇಲಿನಿಂದ ಬರುವ ಕೇಡು ಬೇರೆ. ಕೇಸಿಂಗ್ ಪೈಪು ಗಟ್ಟಿ ಕಲ್ಲಿನಲ್ಲಿ ಕೂರದಿದ್ದರೆ ತಿಪ್ಪೆಯ, ಗೊಬ್ಬರದ ನೈಟ್ರೇಟ್ ಅದರ ಸಂದಿಯಲ್ಲೇ ಇಳಿಯುತ್ತದೆ. ಇದಕ್ಕೆ ಮಿತಿ 45 ಮಿಲಿಗ್ರಾಂ. ಬೋರ್ ಪಕ್ಕದ ತಿಪ್ಪೆಯನ್ನು ಈ ವಾರವೇ ದೂರ ಸಾಗಿಸಿ.

ಪಕ್ಕದವರ ಒಪ್ಪಿಗೆ ಪಡೆದು ಅವರ ನೀರನ್ನೇ ಪರೀಕ್ಷೆಗೆ ಕೊಡಿ. ಪಂಪು ಕಾಲು ಗಂಟೆ ಓಡಲಿ. ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಿ, ಆಳ ಮತ್ತು ದಿನಾಂಕ ಬರೆದು, ಅಂದೇ ಪ್ರಯೋಗಾಲಯಕ್ಕೆ ಮುಟ್ಟಿಸಿ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ.