ಸೆಕೆಗೆ ಯಾವ ಗೋಡೆ?

ಪ್ರಶ್ನೆ: ಬದಿಯಡ್ಕದ ಬಳಿ ಒಂದಂತಸ್ತಿನ ತಾರಸಿ ಮನೆ ಕಟ್ಟಿಸುತ್ತಿದ್ದೇವೆ. ಸೆಕೆ ತಡೆಯಲು ಕೆಂಪುಕಲ್ಲೋ, ಎಎಸಿ (ಹಗುರ ಕಾಂಕ್ರೀಟಿನ) ಬ್ಲಾಕೋ? ಖರ್ಚು ಯಾವುದಕ್ಕೆ ಕಡಿಮೆ?

ಉತ್ತರ: ಶಾಖ ತಡೆಯುವುದರಲ್ಲಿ ಎಎಸಿಯೇ ಮುಂದು, ಅದರ ತುಂಬ ಗಾಳಿಗುಳ್ಳೆ. ಆದರೆ ಬೆಲೆಯನ್ನು ಒಂದೊಂದು ಕಲ್ಲಿನ ಲೆಕ್ಕದಲ್ಲಿ ಹೋಲಿಸಬೇಡಿ. ಲಾರಿ ಬಾಡಿಗೆ, ಗಾರೆ, ಸಾರಣೆ, ಕೂಲಿ ಸೇರಿಸಿ ಗೋಡೆಯ ಚದರಡಿಗೆ ಎಷ್ಟು ಬೀಳುತ್ತದೆ ನೋಡಿ. ಕೋರೆ ಹತ್ತಿರವಿದ್ದರೆ ಸಾಮಾನ್ಯವಾಗಿ ಕೆಂಪುಕಲ್ಲೇ ಅಗ್ಗ. ಬಿಳಿ ಜೇಡಿ ಕಾಣುವ, ಉಗುರಿಗೆ ಉದುರುವ ಕಲ್ಲನ್ನು ವಾಪಸು ಕಳಿಸಿ.

ಎಎಸಿಗೆ 3 ಮಿಲಿಮೀಟರಿನ ತೆಳು ಅಂಟುಗಾರೆ ಸಾಕು. ಕಂಬ ಸೇರುವಲ್ಲಿ ಜಾಲರಿ ಬಡಿಯದಿದ್ದರೆ ಸಾರಣೆ ಸೀಳುತ್ತದೆ. ಪಶ್ಚಿಮದ ಗೋಡೆಗೆ ಮಾತ್ರ ಎಎಸಿ ಹಾಕಿದರೂ ಕೆಂಪುಕಲ್ಲಿಗೆ ಕೂಡುವಲ್ಲಿ ಅದೇ ಕಾಟ.

ನಮ್ಮ ಮಾತು ಕೇಳುವುದಾದರೆ ಗೋಡೆಗೆ ಕೆಂಪುಕಲ್ಲು ಹಾಕಿ, ಉಳಿದ ದುಡ್ಡಲ್ಲಿ ತಾರಸಿಯ ಮೇಲೆ ಹಂಚಿನ ಮಾಡು ಎಬ್ಬಿಸಿ. ಒಂದಂತಸ್ತಿನ ಮನೆಗೆ ಹೆಚ್ಚಿನ ಬಿಸಿ ಇಳಿಯುವುದು ತಾರಸಿಯಿಂದಲೇ.